ಕತ್ತಲೆಗೆ ಮೊದಲೇ ಪ್ರಶ್ನೆ ಗೊತ್ತಿರಲಿ

ಮಗಳೇ, 2027ರ ಆಗಸ್ಟ್ 2ರ ಖಗ್ರಾಸ ಗ್ರಹಣಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗಬೇಕೆಂದು ಈಗಲೇ ಲೆನ್ಸು, ಟ್ರೈಪಾಡುಗಳ ಪಟ್ಟಿ ಹಿಡಿದು ಕೂತಿದ್ದೀಯಂತೆ. ಅದಕ್ಕೆ ಮೊದಲು ಊಟಿಯಿಂದ ಒಮ್ಮೆ ಸೋಲೂರಿನ ಬಸ್ಸು ಹತ್ತಿ ಬಾ.

1871ರ ಡಿಸೆಂಬರ್ 12ರ ಬೆಳಗ್ಗೆ ಚಂದ್ರನ ನೆರಳು ಕಾಸರಗೋಡಿನ ಬೇಕಲದಿಂದ ನಮ್ಮ ನೀಲಗಿರಿಯನ್ನು ಹಾದುಹೋಯಿತು. ಗ್ರಹಣ ನೋಡಲು ಬೇಕಲದಲ್ಲಿ ಖಗೋಳಜ್ಞ ಲಾಕಿಯರ್ ತಂಡ, ದೊಡ್ಡಬೆಟ್ಟದಲ್ಲಿ ಕರ್ನಲ್ ಟೆನೆಂಟ್. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಮಾತ್ರ ಸೋಲೂರಿನಲ್ಲಿ ಠಿಕಾಣಿ ಹೂಡಿದ್ದ. ಹಿಂದಿನ ವರ್ಷ ಮುತ್ತಿಗೆಯಲ್ಲಿದ್ದ ಪ್ಯಾರಿಸ್‌ನಿಂದ ಬಲೂನಿನಲ್ಲಿ ತಪ್ಪಿಸಿಕೊಂಡು ಗ್ರಹಣಕ್ಕೆಂದು ಆಲ್ಜೀರಿಯಾ ಮುಟ್ಟಿ, ಅಲ್ಲಿ ಬರೀ ಮೋಡ ನೋಡಿದ್ದ ಆಸಾಮಿ!

ಪೂರ್ಣ ಕತ್ತಲೆ ಇದ್ದದ್ದು ಎರಡು ನಿಮಿಷದ ಆಸುಪಾಸು. ಸೂರ್ಯನ ಸುತ್ತ ಆಗ ಕಾಣುವ ಕರೋನದ ಬೆಳಕು ಅದರ ಸ್ವಂತದ್ದೋ, ಸೂರ್ಯನದ್ದೇ ಚದುರಿ ಬಂದದ್ದೋ? ಈತನಿಗೆ ಬೇಕಿದ್ದದ್ದು ಇದಕ್ಕೆ ಉತ್ತರ. ಚದುರಿದ್ದಾದರೆ ಸೂರ್ಯನ ರೋಹಿತದ ಕಪ್ಪುಗೆರೆಗಳೂ ಜೊತೆಗೆ ಬರಬೇಕಷ್ಟೆ. ಕರೋನವೇ ಹುಣ್ಣಿಮೆ ಚಂದ್ರನಷ್ಟು ಮಂದ. ಆ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದರೆ ಉಳಿಯುವುದೆಷ್ಟು? ಹಾಗಾಗಿ ಅಗಲ ಕನ್ನಡಿಯ, ನಾಭಿದೂರ ಕಡಿಮೆಯಿರುವ ದೂರದರ್ಶಕ ತಂದಿದ್ದ. ಬಿಂಬ ಚಿಕ್ಕದು, ಆದರೆ ಪ್ರಖರ. ಕರೋನದ ಸ್ವಂತ ಬೆಳಕಿನ ಹಸಿರು ಗೆರೆ ಹೊಳೆಯಿತು, ಕಪ್ಪುಗೆರೆಗಳೂ ಕಂಡವು. ಅಂದರೆ ಎರಡೂ ನಿಜ: ಕರೋನಕ್ಕೆ ಸ್ವಂತ ಬೆಳಕೂ ಉಂಟು, ಸೂರ್ಯನಿಂದ ಪಡೆದದ್ದೂ ಉಂಟು. ಕಪ್ಪುಗೆರೆ ತರುವುದು ದೂಳು ಚದುರಿಸಿದ ಬೆಳಕು ಎಂಬುದು ಆಮೇಲಿನ ತಿಳಿವಳಿಕೆ. ಹಸಿರು ಗೆರೆಯನ್ನಂತೂ ಜನ ಹೊಸ ಧಾತುವೆಂದೇ ಬಹುಕಾಲ ನಂಬಿದ್ದರು. 13 ಇಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ ಅದು, ಕರೋನದ ತಾಪ ಹತ್ತು ಲಕ್ಷ ಡಿಗ್ರಿ ದಾಟುತ್ತದೆ ಎಂದು ಗಟ್ಟಿಯಾದದ್ದು 1940ರ ದಶಕದಲ್ಲಿ.

ನೀನೂ ಒಂದೇ ಪ್ರಶ್ನೆ ಇಟ್ಟುಕೋ, ಅದಕ್ಕೆ ತಕ್ಕ ಒಂದೇ ಉಪಕರಣ ಸಾಕು. ಕತ್ತಲೆ ಕೋಣೆಯಲ್ಲಿ ಕೈ ತಾನಾಗಿ ಓಡುವಷ್ಟು ಅಭ್ಯಾಸ ಮಾಡು. ಫಿಲ್ಟರ್ ತೆಗೆಯುವುದು ಸೂರ್ಯ ಪೂರ್ತಿ ಮುಚ್ಚಿದ ಮೇಲೆ. ಮೊದಲ ಕಿರಣ ಇಣುಕುವ ಮುನ್ನ ಮತ್ತೆ ಹಾಕು. ಇದು ಖಗ್ರಾಸಕ್ಕೆ ಮಾತ್ರ; 2019ರ ಡಿಸೆಂಬರ್ 26ರಂದು ಊಟಿಯಲ್ಲಿ ಕಂಡದ್ದು ಕಂಕಣ ಗ್ರಹಣ. ಆ ಬಳೆಯ ಪ್ರಭೆಯಲ್ಲಿ ಕರೋನ ಕಾಣದು, ಫಿಲ್ಟರ್ ತೆಗೆಯುವ ಗಳಿಗೆಯೂ ಅದರಲ್ಲಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಡ. ಊಟಿ ಬಳಿಯ ಮುತ್ತೊರೈಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ದೂರದ ರೇಡಿಯೋ ಮೂಲಗಳ ಮಿನುಗನ್ನು ಅಳೆದು, ಕರೋನದಿಂದ ಹೊರಟ ಸೌರಮಾರುತವನ್ನು ಗುರುತಿಸುತ್ತದೆ. ಅದಕ್ಕೆ ಗ್ರಹಣ ಬೇಕಿಲ್ಲ. 2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆ ಕೂಡ ಕೃತಕ ಗ್ರಹಣ ಮಾಡಿಕೊಂಡು ಕರೋನ ನೋಡುತ್ತಿದೆ. ಅದರೊಳಗೆ ಆ ಗ್ರಹಣ ಮಾಡುವ ಉಪಕರಣ ತಯಾರಾದದ್ದು ನಮ್ಮ ಹೊಸಕೋಟೆಯಲ್ಲಿ. ಅವುಗಳ ಮಾಹಿತಿ ಓದಲು ಕಲಿ.

ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಮಿಕ್ಕಿ ಕತ್ತಲೆ. ಖರ್ಚಿನ ಮಾತು ನಿನ್ನಪ್ಪನ ಹತ್ತಿರ ನಾನು ಎತ್ತುತ್ತೇನೆ. ಒಪ್ಪದಿದ್ದರೆ 2034ರ ಮಾರ್ಚ್ 20ಕ್ಕೆ ಲಡಾಖ್ ಇದೆ. ಸ್ವೆಟರು ನನ್ನ ಲೆಕ್ಕ.