ಜರ್ಮನಿಗೆ ಓದಲು ಹೊರಟವರು ಮೊದಲು ಗೊತ್ತುಮಾಡಬೇಕಾದ್ದು ವಿಳಾಸ

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಓದಿಗೂ ದುಡಿಮೆಗೂ ಊರು ದಾಟುವುದು ಇಲ್ಲಿ ಮನೆಮನೆಯ ಮಾತಾಯಿತು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಹಾದು ಬೆಂಗಳೂರು ಸೇರುವ ಬೆಳಗಿನ ರೈಲುಗಳೇ ಅದಕ್ಕೆ ಸಾಕ್ಷಿ. ಆ ದಾರಿಯನ್ನು ಜರ್ಮನಿಯವರೆಗೆ ಬೆಳೆಸುವ ವಿದ್ಯಾರ್ಥಿಗೆ ಪ್ರವೇಶ, ವೀಸಾ ವಿಷಯ ಹೇಳಿಕೊಡುವ ಏಜೆಂಟರು ಬೇಕಾದಷ್ಟು ಸಿಗುತ್ತಾರೆ. ವಿಮಾನ ಇಳಿದ ಮರುದಿನದಿಂದ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಅಲ್ಲಿನ ದಿನನಿತ್ಯದ ಬದುಕೆಲ್ಲ ನಿಂತಿರುವುದು ಮನೆಯ ವಿಳಾಸದ ಮೇಲೆ. ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ಕೋಣೆ ಗೊತ್ತಾಗಿರಬೇಕು.

ಹೊಸ ಮನೆಗೆ ಬಂದ ಎರಡು ವಾರದೊಳಗೆ ಆ ಊರಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಜರ್ಮನಿಯ ಕಾನೂನು. ಅಲ್ಲಿ ಇದನ್ನು ಅನ್‌ಮೆಲ್ಡುಂಗ್ ಎನ್ನುತ್ತಾರೆ. ಇದಕ್ಕೆ ಮನೆ ಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು. ನೋಂದಣಿಯಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್ ಖಾತೆಗೂ ವಾಸದ ಪರವಾನಗಿಗೂ ಅದೇ ನೋಂದಣಿಯನ್ನು ಕೇಳುತ್ತಾರೆ. ವೀಸಾ ಅವಧಿ ಮುಗಿಯುವ ಮೊದಲೇ ಈ ಪರವಾನಗಿಗೆ ಅರ್ಜಿ ಹಾಕಿರಬೇಕು. ‘ನಮ್ಮ ಕಡೆಯ ಹುಡುಗರು ಅಲ್ಲಿದ್ದಾರೆ, ಒಂದೆರಡು ತಿಂಗಳು ಅವರ ರೂಮಿನಲ್ಲೇ ಇದ್ದುಬಿಟ್ಟರಾಯಿತು’ ಎನ್ನುವವರಿದ್ದಾರೆ. ಕೆಲವು ದಿನ ತಂಗಲು ಅದು ಸರಿಯೇ. ಆದರೆ ಮಾಲೀಕರು ಒಪ್ಪದೆ ಆ ದೃಢೀಕರಣ ಪತ್ರ ಸಿಗುವುದಿಲ್ಲ, ಪತ್ರವಿಲ್ಲದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ಅದಕ್ಕೇ ಪ್ರವೇಶ ಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಹಾಕಿ. ಖಾಸಗಿ ಕೋಣೆಯಾದರೆ ನೋಂದಣಿಗೆ ಪತ್ರ ಕೊಡುತ್ತೀರಾ ಎಂದು ಮೊದಲ ಮಾತಿನಲ್ಲೇ ಕೇಳಿ. ಕೋಣೆಯನ್ನು ತೋರಿಸದೆ ಮುಂಗಡ ಕೇಳುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಮನೆ ಸೇರಿದ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರು ಕಾಣದಿದ್ದರೆ ಕಚೇರಿಯ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಹೆಸರಿನ ವಿಚಾರವನ್ನು ನಮ್ಮ ಭಾಗದವರು ಇನ್ನಷ್ಟು ಗಂಭೀರವಾಗಿ ನೋಡಬೇಕು. ಕೋಲಾರ ಜಿಲ್ಲೆಯಲ್ಲಿ ಮನೆತನದ ಹೆಸರಿಗಿಂತ ಇನಿಷಿಯಲ್ ಬಳಕೆಯೇ ಹೆಚ್ಚು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣ ರೂಪ, ಪದವಿ ಪತ್ರದಲ್ಲಿ ಮತ್ತೊಂದು ಬಗೆ ಎಂದಾದರೆ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಕಡ್ಡಾಯವಾಗಿರುವ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರದಿಂದ ಹಿಡಿದು ಅಲ್ಲಿನ ಆರೋಗ್ಯ ವಿಮೆಯವರೆಗೆ ಎಲ್ಲ ಕಡೆ ವಿವರಣೆ ಕೊಡುತ್ತಲೇ ಇರಬೇಕಾಗುತ್ತದೆ. ಕುಟುಂಬದ ಹೆಸರಿನ ಜಾಗ ಖಾಲಿಯಿರುವ ಪಾಸ್‌ಪೋರ್ಟ್ ಇದ್ದರಂತೂ ಊರಲ್ಲಿರುವಾಗಲೇ ಸರಿಪಡಿಸಿಕೊಳ್ಳಿ.

ಇನ್ನು ದುಡ್ಡು. ವಿದ್ಯಾರ್ಥಿ ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೋವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ ಮಾತ್ರ, ಅದೂ ಅಲ್ಲಿನ ಬ್ಯಾಂಕ್ ಖಾತೆ ತೆರೆದ ನಂತರ. ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಲು ಕಾನೂನಿನಲ್ಲೇ ಅವಕಾಶವಿದೆ. ಬ್ಯಾಂಕಿನ ಶಿಕ್ಷಣ ಸಾಲವನ್ನೆಲ್ಲ ಈ ಖಾತೆಗೇ ತುಂಬಿ, ಇಷ್ಟು ಸಾಕೆಂದು ಕೂರುವುದು ದೊಡ್ಡ ತಪ್ಪು. ಅಡ್ವಾನ್ಸಿಗೂ ಮೊದಲ ಎರಡು ತಿಂಗಳ ಖರ್ಚಿಗೂ ಬೇರೆಯೇ ಹಣ ಇರಬೇಕು. ಪಾರ್ಟ್ ಟೈಮ್ ಕೆಲಸ ಮಾಡಿ ತುಂಬಿಕೊಳ್ಳಬಹುದಲ್ಲ ಎಂಬ ಮಾತು ಬರುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿಯಿರುವುದು ನಿಜ. ಆದರೆ ಜರ್ಮನ್ ಬಾರದವರಿಗೆ ಮೊದಲ ತಿಂಗಳುಗಳಲ್ಲಿ ಕೆಲಸ ಸಿಗುವುದು ಕಷ್ಟ. ಸಂಬಳವನ್ನು ಎರಡನೇ ವರ್ಷದ ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಕ್ಷೇಮ.

ಇದೇ ಲೆಕ್ಕ ಊರನ್ನು ಆರಿಸುವಾಗಲೂ ನೆನಪಿರಲಿ. 992 ಯೂರೋ ಎಲ್ಲ ಊರಿಗೂ ಒಂದೇ, ಬಾಡಿಗೆ ಹಾಗಲ್ಲ. ಹೆಸರು ಕೇಳಿ ಮ್ಯೂನಿಕ್‌ಗೆ ಓಡುವ ಬದಲು ರೂರ್ ಪ್ರದೇಶದ ಬೋಹುಮ್, ಡಾರ್ಟ್‌ಮುಂಡ್, ಎಸ್ಸೆನ್ ಕಡೆ ಒಮ್ಮೆ ನೋಡಿ. ಕಲ್ಲಿದ್ದಲಿನಿಂದ ಬೆಳೆದ ಊರುಗಳಿವು. ಅಲ್ಲಿನ ಕೊನೆಯ ಗಣಿ ಬಾಟ್ರಾಪ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಬೋಹುಮ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರುವಾದದ್ದು ಅದಕ್ಕೂ ಬಹಳ ಮುಂಚೆ, 1965ರಲ್ಲಿ. ಗಣಿ ಇನ್ನೂ ನಡೆಯುತ್ತಿದ್ದಾಗಲೇ ಓದಿಗೆ ಬಂಡವಾಳ ಹೂಡಿದ ಆ ಊರುಗಳನ್ನು ಗಣಿ ಮುಚ್ಚಿದ ಊರಿನ ಮಕ್ಕಳು ಕಣ್ಣಾರೆ ನೋಡಬೇಕು ಎಂಬ ಆಸೆಯೂ ಈ ಸಲಹೆಯ ಹಿಂದಿದೆ. ಬಾಡಿಗೆಯೂ ಮ್ಯೂನಿಕ್‌ಗಿಂತ ಬಹಳ ಕಡಿಮೆ.

ಪಾಠ ಇಂಗ್ಲಿಷಿನಲ್ಲೇ ನಡೆಯುವಾಗ ಜರ್ಮನ್ ಏಕೆ ಎಂಬ ಪ್ರಶ್ನೆ ಸಹಜ. ತರಗತಿಯೊಳಗೆ ಅದು ಬೇಡದಿರಬಹುದು. ಆದರೆ ಬಾಡಿಗೆ ಕರಾರು, ವಿಮೆಯವರ ಪತ್ರ, ಕಚೇರಿಯ ನೋಟಿಸು ಎಲ್ಲವೂ ಬರುವುದು ಜರ್ಮನ್‌ನಲ್ಲಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೋ ಆಂಡರ್‌ಸನ್‌ಪೇಟೆಯಲ್ಲೋ ಬೆಳೆದವರಿಗೆ ಮನೆಯಲ್ಲಿ ತಮಿಳು ಅಥವಾ ತೆಲುಗು, ಸರ್ಕಾರಿ ಕಚೇರಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಬಳಸಿ ರೂಢಿಯಿದೆ. ಇನ್ನೊಂದು ಭಾಷೆಗೆ ನಾಲಿಗೆ ಹೊರಳಿಸುವುದು ಅವರಿಗೆ ಹೊಸದೇನಲ್ಲ. ಬೆಂಗಳೂರಿನ ಗೊಯೆಥೆ ಸಂಸ್ಥೆಯಲ್ಲಿ ಎ1, ಎ2 ಹಂತದ ತರಗತಿಗಳಿವೆ; ಅಷ್ಟನ್ನಾದರೂ ಮುಗಿಸಿ ಹೊರಡಿ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಆ ಹೊತ್ತನ್ನೇ ಜರ್ಮನ್ ಕೇಳಲು ಬಳಸಬಹುದು.

ಉಳಿದವು ತಾನಾಗಿ ರೂಢಿಗೆ ಬರುತ್ತವೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅಕ್ಕಿ ಬೇಳೆ ಶನಿವಾರವೇ ತನ್ನಿ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡಿದರೆ ನೆರೆಯವರು ದೂರು ಕೊಡುತ್ತಾರೆ. ಆರೋಗ್ಯ ವಿಮೆ ಹೇಗೂ ಕಡ್ಡಾಯ; ಕಾಯಿಲೆ ಬೀಳುವ ಮೊದಲೇ ಹತ್ತಿರದ ಒಬ್ಬ ಕುಟುಂಬ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಪ್ರಾಣಾಪಾಯವಿದ್ದರೆ 112, ಕ್ಲಿನಿಕ್ ಮುಚ್ಚಿದ ವೇಳೆಯಲ್ಲಿ ಜ್ವರ, ನೋವು ಬಂದರೆ 116117. ಈ ಎರಡು ಸಂಖ್ಯೆಗಳನ್ನೂ ಜರ್ಮನಿಯ ವಿಳಾಸವನ್ನೂ ಊರಿನ ಮನೆಯಲ್ಲಿ ಬರೆದಿಟ್ಟು ಹೊರಡಿ.