ಮೆದುಳು: ನಮ್ಮ ಮೈಯ ಯಜಮಾನ

ಒಲೆಯ ಮೇಲೆ ಹಂಚು ಕಾದಿದೆ. ರೊಟ್ಟಿ ತಿರುವುವಾಗ ಬೆರಳು ಹಂಚಿಗೆ ತಾಗಿತು. ಚಟ್ಟನೆ ಕೈ ಹಿಂದಕ್ಕೆ ಬಂತು. ಆಮೇಲೆ “ಅಯ್ಯೋ, ಸುಟ್ಟಿತು!” ಅಂದಿರಿ. ಕೈ ಮೊದಲು ಸರಿಯಿತು. ಉರಿ ಆಮೇಲೆ ತಿಳಿಯಿತು. ಇದು ಹೇಗೆ? ಓದಿ ತಿಳಿಯೋಣ.

ನಮ್ಮ ತಲೆಬುರುಡೆಯೊಳಗೆ ಮೆದುಳು ಇದೆ. ದೊಡ್ಡವರ ಮೆದುಳು ಸುಮಾರು 1 ಕಿಲೋ 300 ಗ್ರಾಂ ತೂಗುತ್ತದೆ. ಅದು ಬಹಳ ಮೆತ್ತಗೆ. ಅದಕ್ಕೇ ಗಟ್ಟಿ ಬುರುಡೆಯ ಕಾವಲು. ಮೆದುಳಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ.

1. ದೊಡ್ಡ ಮೆದುಳು: ನೋಟ, ಮಾತು, ನೆನಪು, ವಿಚಾರ ಇದರ ಕೆಲಸ. ನೀವು ಈಗ ಈ ಅಕ್ಷರ ಓದುತ್ತಿರುವುದೂ ಇದರಿಂದಲೇ.

2. ಚಿಕ್ಕ ಮೆದುಳು: ಇದು ತಲೆಯ ಹಿಂದೆ, ಕೆಳಗಡೆ ಇದೆ. ಕೊಡ ಹೊತ್ತು ನಡೆಯುವಾಗ ಜೋಲಿ ತಪ್ಪದ ಹಾಗೆ ನೋಡಿಕೊಳ್ಳುತ್ತದೆ.

3. ಮೆದುಳಿನ ಕಾಂಡ: ಉಸಿರಾಟ, ಎದೆಬಡಿತ ನೋಡಿಕೊಳ್ಳುತ್ತದೆ. ನೀವು ಮಲಗಿದರೂ ಇದಕ್ಕೆ ರಜೆ ಇಲ್ಲ.

ಮೆದುಳಿನಿಂದ ಕೆಳಕ್ಕೆ ಬೆನ್ನುಹುರಿ ಇಳಿದಿದೆ. ಅದರ ಉದ್ದ ಸುಮಾರು ಒಂದೂವರೆ ಅಡಿ. ಅದರಿಂದ 31 ಜೋಡಿ ನರಗಳು ಹೊರಟು ಮೈಗೆಲ್ಲ ಹರಡಿವೆ. ನರಗಳು ಸುದ್ದಿ ಒಯ್ಯುತ್ತವೆ, ಅಪ್ಪಣೆ ತರುತ್ತವೆ. ಹಂಚಿನ ಬಿಸಿಯ ಸುದ್ದಿ ಬೆನ್ನುಹುರಿಗೆ ಮುಟ್ಟಿತು. “ಕೈ ತೆಗೆ” ಎಂಬ ಅಪ್ಪಣೆ ಅಲ್ಲಿಂದಲೇ ಬಂತು. ಮೆದುಳಿಗೆ ಸುದ್ದಿ ಆಮೇಲೆ ಹೋಯಿತು.

ಲಕ್ವಾ ಎಂದರೇನು?

ಮೆದುಳಿಗೆ ಎಡೆಬಿಡದೆ ರಕ್ತ ಬೇಕು. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಇಲ್ಲವೆ ನಾಳ ಒಡೆದರೆ, ಮೆದುಳಿನ ಆ ಭಾಗ ಸಾಯತೊಡಗುತ್ತದೆ. ಇದೇ ಲಕ್ವಾ. ಎಡ ಮೆದುಳು ಬಲಗೈ, ಬಲಗಾಲನ್ನು ನಡೆಸುತ್ತದೆ. ಬಲ ಮೆದುಳು ಎಡಗೈ, ಎಡಗಾಲನ್ನು ನಡೆಸುತ್ತದೆ. ಅದಕ್ಕೇ ಲಕ್ವಾದಲ್ಲಿ ಹೆಚ್ಚಾಗಿ ಒಂದೇ ಮಗ್ಗಲು ಬೀಳುತ್ತದೆ. ಇದು ದೆವ್ವದ ಕಾಟ ಅಲ್ಲ. ಗಾಳಿ ಸೋಕಿದ್ದೂ ಅಲ್ಲ.

ಮೂರು ಗುರುತು ನೆನಪಿಡಿರಿ:

• ನಗಲು ಹೇಳಿರಿ. ಬಾಯಿ ಒಂದು ಕಡೆ ಸೊಟ್ಟ ಆಗಿದೆಯೇ?
• ಎರಡೂ ಕೈ ಎತ್ತಲು ಹೇಳಿರಿ. ಒಂದು ಕೈ ಕೆಳಗೆ ಜಾರುತ್ತದೆಯೇ?
• ಮಾತಾಡಿಸಿರಿ. ಮಾತು ತೊದಲುತ್ತದೆಯೇ?

ಇದ್ದಕ್ಕಿದ್ದಂತೆ ಒಂದು ಗುರುತು ಕಂಡರೂ ತಡ ಮಾಡಬೇಡ್ರಿ. 108ಕ್ಕೆ ಫೋನ್ ಮಾಡಿರಿ. ಈ ಗಾಡಿಗೆ ರೊಕ್ಕ ಕೊಡಬೇಕಾಗಿಲ್ಲ. ತಲೆಯ ಸ್ಕ್ಯಾನ್ ಮಾಡುವ ದೊಡ್ಡ ದವಾಖಾನೆಗೆ ಒಯ್ಯಿರಿ. ನೀರು, ಚಹಾ, ಗುಳಿಗೆ ಏನೂ ಕೊಡಬೇಡ್ರಿ. ನುಂಗಲು ಆಗದೆ ಉಸಿರಿನ ಕೊಳವೆಗೆ ಹೋಗಬಹುದು.

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಸುಮಾರು 40 ಕಿಲೋಮೀಟರ್. ದಾರಿಗೆ ಬಹಳ ಹೊತ್ತು ಬೇಡ. ಎಣ್ಣೆ ತಿಕ್ಕುತ್ತ, ತಾಯಿತ ಕಟ್ಟುತ್ತ ಮನೆಯಲ್ಲಿ ಕೂತರೆ ಹೊತ್ತು ಹೋಗುತ್ತದೆ.

“ಯಾವಾಗ ಶುರುವಾಯಿತು?” ಎಂದು ಡಾಕ್ಟರು ಕೇಳುತ್ತಾರೆ. ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಆದರೆ ನಿಮಗೆ ಈಗ ಬರೆಯಲು ಬರುತ್ತದೆ! ಗಡಿಯಾರ ನೋಡಿರಿ. ಹೊತ್ತನ್ನು ಚೀಟಿಯ ಮೇಲೆ ಬರೆಯಿರಿ. ನಿದ್ದೆಯಿಂದ ಎದ್ದಾಗಲೇ ಹೀಗಾಗಿದ್ದರೆ, ಕೊನೆಗೆ ಚೆನ್ನಾಗಿದ್ದ ಹೊತ್ತು ಬರೆಯಿರಿ. ದವಾಖಾನೆಯಲ್ಲಿ ಕನ್ನಡ ಓದುವವರು ಇರದಿದ್ದರೂ 10-20 ಎಂದು ಬರೆದ ಅಂಕಿ ಎಲ್ಲರೂ ಓದುತ್ತಾರೆ. ನಿಮ್ಮ ಆ ಚೀಟಿ ಒಬ್ಬರ ಕೈಕಾಲು ಉಳಿಸಬಹುದು.

ಬಿ.ಪಿ., ಸಕ್ಕರೆ ರೋಗ ಇದ್ದವರು ತಪ್ಪದೆ ಗುಳಿಗೆ ತಗೊಳ್ಳಿರಿ. ತಂಬಾಕು ಬಿಡಿರಿ.

ಅಭ್ಯಾಸ

1. ಬಲಗೈಯನ್ನು ಯಾವ ಮೆದುಳು ನಡೆಸುತ್ತದೆ?
2. ಲಕ್ವಾದ ಮೂರು ಗುರುತು ಬರೆಯಿರಿ.
3. ನಿಮ್ಮ ಮನೆಯ ಗೋಡೆಯ ಮೇಲೆ 108 ಎಂದು ದೊಡ್ಡದಾಗಿ ಬರೆಯಿರಿ.
4. ಈ ಪಾಠವನ್ನು ಓದಲು ಬಾರದ ಒಬ್ಬರಿಗೆ ಓದಿ ಹೇಳಿರಿ.