ಸ್ಮಾರಕದ ಸುತ್ತಣ ನೂರು ಮೀಟರು

ಹಳೆಯ ಗುಡಿಯೊಂದನ್ನು ಕಾಪಾಡಲು ಅದರ ಕಲ್ಲುಗಳನ್ನು ಕಾಪಾಡಿದರೆ ಸಾಲದೆ? ಸುತ್ತಲಿನ ನೆಲಕ್ಕೂ ಕಟ್ಟಳೆ ಏತಕ್ಕೆ? ಸಂರಕ್ಷಿತ ಸ್ಥಳದ ನೆರೆಯಲ್ಲಿ ಮನೆ ಕಟ್ಟಹೊರಟವನ ಈ ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ನಾವು ರೇಖಾಗಣಿತದಲ್ಲಿ ಹುಡುಕೋಣ.

ಮೊದಲು ಕಾನೂನನ್ನು ನೋಡೋಣ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಭಾರತದಲ್ಲಿ 1958ರಲ್ಲಿ ಒಂದು ಅಧಿನಿಯಮವಾಯಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷಿದ್ಧ ವಲಯ, ಅದರಾಚೆಗೆ 200 ಮೀಟರ್‌ವರೆಗೆ ನಿಯಂತ್ರಿತ ವಲಯ ಎಂದು 1992ರ ಜೂನ್ 16ರ ಪ್ರಕಟಣೆಯು ಸಾರಿತು. 2010ರ ತಿದ್ದುಪಡಿಯು ಇದನ್ನು ಅಧಿನಿಯಮದೊಳಕ್ಕೇ ಸೇರಿಸಿತು. ಮೊದಲನೆಯ ವಲಯದಲ್ಲಿ ಹೊಸ ಮನೆಯನ್ನು ಕಟ್ಟುವಂತಿಲ್ಲ. ಆ ದಿನಾಂಕಕ್ಕೆ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಎರಡನೆಯದರಲ್ಲಿ ಅನುಮತಿಯಿದ್ದರೆ ಹೊಸದಾಗಿಯೂ ಕಟ್ಟಬಹುದು.

ಎರಡು ವಲಯಗಳೇಕೆ? ಹಂಪೆಯ ವಿರೂಪಾಕ್ಷ ದೇವಾಲಯದ ಹಿರಿಯ ಗೋಪುರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎತ್ತರ ಸುಮಾರು 50 ಮೀಟರ್. ನಾವು ಅದರಿಂದ 120 ಮೀಟರ್ ದೂರದಲ್ಲಿ ನಿಂತಿರುವೆವು. ನಮ್ಮ ಕಣ್ಣು ನೆಲದಿಂದ 1.5 ಮೀಟರ್ ಮೇಲಿದೆ. ನಮ್ಮೆದುರು 20 ಮೀಟರ್ ದೂರದಲ್ಲಿ 10 ಮೀಟರ್ ಎತ್ತರದ ಕಟ್ಟಡವೊಂದು ಎದ್ದಿತೆಂದು ಭಾವಿಸೋಣ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಆದುದರಿಂದ ಕಟ್ಟಡದ ನೆತ್ತಿಯನ್ನು ಸವರಿಹೋಗುವ ನೋಟದ ರೇಖೆಯು ಪ್ರತಿ 20 ಮೀಟರಿಗೆ 8.5 ಮೀಟರ್ ಏರುತ್ತದೆ. ಸಮರೂಪ ತ್ರಿಭುಜಗಳ ನಿಯಮದಂತೆ, ಗೋಪುರವಿರುವಲ್ಲಿ ಅದು 51 ಮೀಟರ್ ಏರಿರುತ್ತದೆ. ಕಣ್ಣಿನ ಎತ್ತರವನ್ನು ಕೂಡಿಸಿದರೆ 52.5 ಮೀಟರ್. ಗೋಪುರವು ಸಂಪೂರ್ಣವಾಗಿ ಮರೆಯಾಯಿತು!

ಮರೆಮಾಡಿದ ಈ ಕಟ್ಟಡವು ಗೋಪುರದಿಂದ ಸರಿಯಾಗಿ 100 ಮೀಟರ್ ದೂರದಲ್ಲಿದೆ ಎಂಬುದನ್ನು ವಾಚಕರು ಗಮನಿಸಬೇಕು. ದೂರವೊಂದೇ ಸಾಲದು, ಎತ್ತರವನ್ನೂ ಅಳೆಯಬೇಕು. ಎರಡನೆಯ ವಲಯದ ಅಗತ್ಯ ಇಲ್ಲಿದೆ. ನೋಟವಲ್ಲದೆ ತಳಹದಿಯ ಮಾತೂ ಉಂಟು: ಕಲ್ಲಿನ ಗೋಡೆಯು ಒತ್ತಡವನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಪಕ್ಕದಲ್ಲಿ ಆಳವಾಗಿ ಅಗೆದು ನೆಲ ಒಂದೆಡೆ ಕುಸಿದರೆ ಗೋಡೆ ಬಿರಿಯುತ್ತದೆ.

ಕಟ್ಟಳೆಯ ಭಾರವನ್ನು ಹೊರುವವರು ನೆರೆಯ ನಿವಾಸಿಗಳು. ಹಂಪೆಯ ಬಜಾರಿನ ಪುರಾತನ ಮಂಟಪಗಳಲ್ಲಿ ಬಹುಕಾಲದಿಂದ ನೆಲೆಸಿದ್ದ ಅನೇಕ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಿದರು. ಕಟ್ಟಿದ್ದನ್ನು ಕೆಡಹುವುದು ಕಟ್ಟುವ ಮೊದಲು ಅಳೆಯುವುದಕ್ಕಿಂತ ಎಷ್ಟೋ ಕಠೋರ. ತಳಹದಿಗೆ ಗುದ್ದಲಿ ಹಾಕುವ ಮುನ್ನವೇ ಅಳತೆಯ ಸರಪಳಿ ಹಿಡಿಯುವುದು ಸ್ಮಾರಕಕ್ಕೂ ಕ್ಷೇಮ, ಮನೆಯವನಿಗೂ ಕ್ಷೇಮ.